ಖಾಲಿ ಕ್ಯಾನು ತೂಗಿದಿರಾ?

ಗಾಣದ ಎಣ್ಣೆ ತರೋಕೆ ಕ್ಯಾನು ಹಿಡಿದು ಹೋದವರಿಗೆಲ್ಲ ಗೊತ್ತು, ಅಂಗಡಿಯವನು ಮೊದಲು ಖಾಲಿ ಕ್ಯಾನನ್ನು ತೂಗಬೇಕು. ತೂಗದೇ ಇದ್ದರೆ ಪ್ಲಾಸ್ಟಿಕ್ಕಿಗೂ ಎಣ್ಣೆ ರೇಟೇ ಕೊಟ್ಟು ಬರ್ತೀವಿ. ಖಗೋಳ ವಿಜ್ಞಾನಿಗಳ ಪಾಡೂ ಹೆಚ್ಚುಕಡಿಮೆ ಇದೇ ಅಂದ್ರೆ ನಂಬ್ತೀರಾ?

ಅಮಾವಾಸ್ಯೆಯ ಆಕಾಶ ಕೂಡ ಪೂರ್ತಿ ಕಪ್ಪಲ್ಲ. ಸುಮಾರು 90 ಕಿ.ಮೀ. ಎತ್ತರದಲ್ಲಿ ಹೈಡ್ರಾಕ್ಸಿಲ್ ಅಣುಗಳು ಕೆಂಪು, ಅವಕೆಂಪು ಬಣ್ಣಗಳಲ್ಲಿ ಹೊಳೀತಾ ಇರ್ತವೆ. ಆಮ್ಲಜನಕ 557.7 ನ್ಯಾನೋಮೀಟರಿನಲ್ಲಿ ಒಂದು ಹಸಿರು ಗೆರೆ ಎಳೆಯುತ್ತೆ. ಇದರ ಜೊತೆ ನಮ್ಮ ಊರುಗಳ ದೀಪ ಬೇರೆ. ದೂರದರ್ಶಕದಲ್ಲಿ ಗೆಲಾಕ್ಸಿಯ ಬೆಳಕು ಹಿಡಿಯೋ ಫೈಬರಿನೊಳಗೆ ಇದೆಲ್ಲ ಸೇರಿಕೊಂಡೇ ಬರುತ್ತೆ. ಗೆಲಾಕ್ಸಿ ಮಂಕಾಗಿದ್ದರೆ ಆಕಾಶದ ಪಾಲೇ ಜಾಸ್ತಿ!

ಉದ್ದನೆಯ ಸೀಳಿನ ಮೂಲಕ ರೋಹಿತ ತೆಗೆಯುವಾಗ ಗೆಲಾಕ್ಸಿಯ ಅಕ್ಕಪಕ್ಕದ ಆಕಾಶವೂ ಅದೇ ಚಿತ್ರದಲ್ಲಿ ಸಿಗುತ್ತೆ. ಫೈಬರಿನಲ್ಲಿ ಆ ಅನುಕೂಲ ಇಲ್ಲ, ಬಾಯಿಗೆ ಬಿದ್ದದ್ದೆಲ್ಲ ಕಲಸಿಹೋಗುತ್ತೆ. ಹಾಗಾಗಿ ಕೆಲವು ಫೈಬರುಗಳನ್ನು ಏನೂ ಇಲ್ಲದ ಜಾಗಕ್ಕೆ ತಿರುಗಿಸಿ, ಅಲ್ಲಿ ಸಿಕ್ಕ ಬೆಳಕನ್ನು ಉಳಿದವುಗಳಿಂದ ಕಳೀತಾರೆ. ಅಂದರೆ ಪಕ್ಕದ ಮನೆಯವರ ಕ್ಯಾನು ತೂಗಿ ನಮ್ಮ ಕ್ಯಾನಿನ ತೂಕ ಕಳೆದ ಹಾಗೆ. ಒಂದೊಂದು ಫೈಬರ್ ಬೆಳಕು ಸಾಗಿಸುವ ಪ್ರಮಾಣವೂ ಬೇರೆ ಬೇರೆ, ಅದನ್ನೂ ಅಳೆದು ಸರಿಮಾಡಬೇಕು. ಆಕಾಶ ಗೆಲಾಕ್ಸಿಗಿಂತ 10 ಪಟ್ಟು ಪ್ರಕಾಶವಾಗಿದ್ದರೆ, ಆಕಾಶದ ಲೆಕ್ಕದಲ್ಲಿ ಆದ 1% ತಪ್ಪು ಗೆಲಾಕ್ಸಿಯ ಲೆಕ್ಕದಲ್ಲಿ 10% ಆಗುತ್ತೆ. ಸರಿಯಾಗಿ ಕಳೆಯದೆ ಉಳಿದ ಗೆರೆಯನ್ನು ಗೆಲಾಕ್ಸಿಯದ್ದೇ ಅಂದುಕೊಂಡರೆ ಅದರ ದೂರವೇ ತಪ್ಪಿಹೋಗುತ್ತೆ.

"ಇಷ್ಟು ದುಬಾರಿ ಫೈಬರುಗಳನ್ನು ಖಾಲಿ ಆಕಾಶಕ್ಕೆ ಯಾಕೆ ದಂಡ ಮಾಡ್ಬೇಕು? ಸಾಫ್ಟ್‌ವೇರ್ ನೋಡ್ಕೊಳ್ಳುತ್ತೆ ಬಿಡಿ" ಅನ್ನೋದು ಸುಲಭ. ನಾನಂತೂ ಒಪ್ಪೋದಿಲ್ಲ. ನ್ಯೂ ಮೆಕ್ಸಿಕೋದ ಸ್ಲೋನ್ ಸರ್ವೆ ಶುರುವಾದಾಗ 640 ಫೈಬರುಗಳಲ್ಲಿ 32 ಆಕಾಶಕ್ಕೆ ಮೀಸಲಾಗಿದ್ದವು, ಅಂದರೆ 5%. ಅದೇ ದೂರದರ್ಶಕದಲ್ಲಿ 2009ರಲ್ಲಿ ಶುರುವಾದ ಬಾಸ್ ಸರ್ವೆ ಇನ್ನೂ ಮಂಕಾದ ಗೆಲಾಕ್ಸಿಗಳನ್ನು ಹುಡುಕಿತು. ಅಲ್ಲಿ 1000ಕ್ಕೆ ಕನಿಷ್ಠ 80. ಅರಿಜೋನಾದ ಕಿಟ್ ಪೀಕ್‌ನಲ್ಲಿ 2021ರಲ್ಲಿ ಸರ್ವೆ ಶುರುಮಾಡಿದ ಡೆಸಿಯಲ್ಲಿ 5000ಕ್ಕೆ ಕನಿಷ್ಠ 400. ನೋಡಿ, ಅನುಭವ ಬಂದ ಮೇಲೆ "ದಂಡ" ಕಮ್ಮಿಯಾಗಲಿಲ್ಲ, 8%ಗೆ ಏರಿತು!

ಸಾಫ್ಟ್‌ವೇರಿಗೂ ಪಾಠ ಹೇಳಿಕೊಟ್ಟದ್ದು ಈ ಖಾಲಿ ಫೈಬರುಗಳೇ. 2005ರಲ್ಲಿ ವಿವಿಯನ್ ವೈಲ್ಡ್ ಮತ್ತು ಪಾಲ್ ಹೆವೆಟ್ ಸ್ಲೋನ್ ರೋಹಿತಗಳಲ್ಲಿ ಉಳಿದುಹೋಗಿದ್ದ ಹೈಡ್ರಾಕ್ಸಿಲ್ ಕೊಳೆಯನ್ನು ತೆಗೆಯುವ ದಾರಿ ತೋರಿಸಿದರು. ಆ ಕೊಳೆಯ ಗುರುತು ಹಿಡಿದದ್ದು ಆಕಾಶದ ಫೈಬರುಗಳಿಂದಲೇ. ಅವೇ ಇಲ್ಲದಿದ್ದರೆ?

ಎಷ್ಟು ಜಾಣತನ ಮಾಡಿದರೂ ಒಂದು ಮಿತಿ ಇದ್ದೇ ಇದೆ. ಆಕಾಶದಿಂದ 10,000 ಫೋಟಾನ್ ಬಂದರೆ ಸುಮಾರು 100 ಅತ್ತಿತ್ತ ಆಗೋದು ಸಹಜ. ನಾವು ಕಳೆಯೋದು ಸರಾಸರಿಯನ್ನು ಮಾತ್ರ, ಆ ಏರುಪೇರು ಅಲ್ಲೇ ಉಳಿಯುತ್ತೆ. ಅದಕ್ಕೇ ಆಕಾಶವನ್ನು ಕತ್ತಲಾಗಿ ಇಟ್ಟುಕೊಳ್ಳೋದಕ್ಕೆ ಯಾವ ಪ್ರೋಗ್ರಾಮೂ ಬದಲಿಯಲ್ಲ.

ಇನ್ನು ಮೇಲೆ ಗೆಲಾಕ್ಸಿಯ ಚೊಕ್ಕಟ ಗ್ರಾಫು ಕಂಡರೆ ನಾನು ಮೊದಲು ಕೇಳೋದು ಒಂದೇ: ಖಾಲಿ ಕ್ಯಾನು ತೂಗಿದಿರಾ? :-)

ನೀವೇನಂತೀರಿ?