ಬೆಂಕಿ ಹಚ್ಚಿದವರು ಯಾರು?



ಡಿಸೆಂಬರಿನಿಂದ ಮಾರ್ಚಿನವರೆಗೆ ಹುಳಿಮಾವಿನ ಹಾಸ್ಟೆಲಿನಲ್ಲಿ ಮೊದಲು ಏಳುವುದು ಕೆಮ್ಮು, ಆಮೇಲೆ ನಾವು. ಬನ್ನೇರುಘಟ್ಟ ರಸ್ತೆಯ ಡೀಸೆಲ್ ಹೊಗೆ ಒಂದು ಕಡೆ, ಖಾಲಿ ಸೈಟಿನಲ್ಲಿ ಉರಿಯುವ ಕಸ ಇನ್ನೊಂದು ಕಡೆ. ಎಂಟು ಜನರ ರೂಮಿಗೆ ಒಂದೇ ಕಿಟಕಿ. ತೆರೆದರೆ ಹೊಗೆ, ಮುಚ್ಚಿದರೆ ಉಸಿರು ಕಟ್ಟುತ್ತೆ. ಪರೀಕ್ಷೆಯೂ ಇದೇ ಕಾಲಕ್ಕೆ ಬರ್ತದೆ.

ಹೊಗೆಗೆ ಜಾತಿಯಿಲ್ಲ, ಅದು ಎಲ್ಲರ ಮೂಗಿಗೂ ಒಂದೇ ಎಂಬ ಭಾಷಣವನ್ನು ಕಾಲೇಜಿನಲ್ಲಿ ಕೇಳಿದ್ದೇವೆ. ಚಪ್ಪಾಳೆಯನ್ನೂ ತಟ್ಟಿದ್ದೇವೆ. ಈಗ ನಮಗೆ ಆ ಮಾತಿನಲ್ಲಿ ಅನುಮಾನ ಬಂದಿದೆ. ಅದು ಹೇಗೆ ಬಂತು ಅನ್ನೋದನ್ನ ನಮ್ಮ ತಪ್ಪನ್ನೂ ಸೇರಿಸಿಯೇ ಹೇಳ್ತೇವೆ.

ಹೋದ ಮಾಗಿಯಲ್ಲಿ ನಮ್ಮಲ್ಲೊಬ್ಬನಿಗೆ ರಾತ್ರಿಯೆಲ್ಲಾ ಉಬ್ಬಸ. ಬೆಳಗ್ಗೆ ಸಿಟ್ಟಿನಿಂದ ಹೊರಗೆ ಬಂದು ನೋಡಿದರೆ ಬೀದಿ ಮೂಲೆಯಲ್ಲಿ ಎಲೆಗುಡ್ಡೆ ಉರೀತಿದೆ, ಪಕ್ಕದಲ್ಲಿ ಪೊರಕೆ ಹಿಡಿದ ಒಬ್ಬ ಅಕ್ಕ. ಫೋನು ತೆಗೆದೆವು, ಫೋಟೋ ಹಿಡಿದೆವು, ದೂರು ಕಳಿಸಿದೆವು. ನಮ್ಮ ದೂರಿಗೆ ಅಷ್ಟು ಬೇಗ ಕೆಲಸ ಆದದ್ದನ್ನು ನಾವು ಹಿಂದೆಂದೂ ಕಂಡಿರಲಿಲ್ಲ. ಮಾರನೇ ದಿನ ಬೆಂಕಿಯೂ ಇಲ್ಲ, ಅಕ್ಕನೂ ಇಲ್ಲ. ಮೂರನೇ ದಿನ ಬಂದಳು. ಎರಡು ದಿನದ ಸಂಬಳ ಹಿಡಿದಿದ್ದರು.

ನಾವೇ ಹೋಗಿ ಮಾತಾಡಿಸಿದೆವು. “ಯಾವೂರ್‍ರಪ್ಪಾ ನಿಮ್ದು?” ಎಂದು ಕೇಳಿದಳು. ಆಕೆಯ ತವರು ನಮ್ಮಲ್ಲೊಬ್ಬನ ಊರಿಗೆ ಎರಡು ಮೈಲಿ. ಕೇರಿಯ ಹೆಸರು ಹೇಳಿದ ಮೇಲೆ ಬೇರೇನೂ ಕೇಳುವ ಹಾಗಿರಲಿಲ್ಲ. “ಓದೋ ಮಕ್ಳು, ಹೊಗೆ ಆಗಲ್ಲ ನಿಮ್ಗೆ, ಗೊತ್ತು ಕಣ್ರಪ್ಪಾ. ಎಲೆ ತುಂಬೋ ಗಾಡಿ ಬಂದು ಎಂಟು ದಿನ ಆಯ್ತು. ಗುಡ್ಡೆ ಕಂಡ್ರೆ ಮೇಸ್ತ್ರಿ ಬೈತಾನೆ. ಎಲ್ಲಿಗೆ ಹಾಕ್ಲಿ? ತಲೆ ಮೇಲೆ ಹೊತ್ಕೊಂಡು ಮನೆಗೆ ಒಯ್ಲಾ?” ಅಂದಳು. ದೂರು ಕೊಟ್ಟವರು ನಾವೇ ಎಂದು ಹೇಳುವ ಧೈರ್ಯ ಅವತ್ತು ನಮಗೆ ಬರಲಿಲ್ಲ.

ಕಾನೂನು ಏನು ಹೇಳುತ್ತದೆ? 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡಬಾರದೆಂದು ಇಡೀ ದೇಶಕ್ಕೆ ಆದೇಶ ಮಾಡಿತು. ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡ. ಆದೇಶ ಸರಿಯಾದದ್ದೇ. ಆದರೆ ಕಡ್ಡಿ ಗೀರಿದ ಕೈ ಮಾತ್ರ ಫೋಟೋದಲ್ಲಿ ಬೀಳುತ್ತದೆ. ಗಾಡಿ ಕಳಿಸದ ಕೈ ಯಾವ ಫೋಟೋದಲ್ಲೂ ಬೀಳುವುದಿಲ್ಲ. ಪೌರಕಾರ್ಮಿಕರ ಬದುಕನ್ನು ನೋಡಿ ವರದಿ ಕೊಟ್ಟ ಐ.ಪಿ.ಡಿ. ಸಾಲಪ್ಪ ಸಮಿತಿ, 500 ಜನಕ್ಕೆ ಒಬ್ಬ ಪೌರಕಾರ್ಮಿಕರಿರಬೇಕು ಎಂದು 1976ರಲ್ಲೇ ಹೇಳಿತ್ತು. ಗುತ್ತಿಗೆಯಲ್ಲಿ ಸವೆದವರನ್ನು ಕಾಯಂ ಮಾಡುವ ಮಾತನ್ನು ಸರ್ಕಾರದ ಬಾಯಿಂದ ಹೊರಡಿಸಲು 2022ರ ಜುಲೈನಲ್ಲಿ ಮುಷ್ಕರವೇ ಆಗಬೇಕಾಯಿತು. ಈ ಕೆಲಸದಲ್ಲಿರುವವರು ಬಹುಪಾಲು ನಮ್ಮ ಅವ್ವಂದಿರು, ಅಕ್ಕಂದಿರು. ನೌಕರಿ ಕಾಯಂ ಆದರೂ ಹೊಗೆ ಕುಡಿಯುವುದೂ ಕಾಯಂ ಆಗಿಯೇ ಉಳಿದಿದೆ.

ಆ ಹೊಗೆಯಲ್ಲಿ ಏನಿದೆ ಎಂದು ವಿಜ್ಞಾನ ಓದುವ ಗೆಳೆಯರು ಬಿಡಿಸಿ ಹೇಳಿದರು. ಪಿ.ಎಂ. 2.5 ಎಂಬ ಕಣ ತಲೆಗೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಪಾಲು. ಮೂಗಿನ ಜರಡಿಗೆ ಸಿಗದೆ ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. ಎಲೆ ಹಸಿಯಾಗಿದ್ದರೆ ಹೊಗೆ ಹೆಚ್ಚು. ಜೊತೆಗೆ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷವೂ ಸೇರಬಹುದು. ಬಟ್ಟೆ ಕಟ್ಟಿಕೊಂಡರೆ ಇದು ನಿಲ್ಲದು. ಮಾಗಿಯ ಬೆಳಗ್ಗೆ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೇಳದೆ ಬೀದಿಯಲ್ಲೇ ತೆವಳುತ್ತದೆ. ಪೌರಕಾರ್ಮಿಕರು ಬೀದಿಯಲ್ಲಿ ಬಗ್ಗಿರುವ ಹೊತ್ತೂ ಅದೇ.

ಈ ಕಣ ದಿನವೊಂದಕ್ಕೆ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಗೆರೆ 60. ನಮ್ಮ ಎದೆಗೂಡು ನಾಲ್ಕು ಪಟ್ಟು ಗಟ್ಟಿ ಅಂತ ಲೆಕ್ಕವೋ ಏನೋ! ಗಾಳಿ ಅಳೆಯುವ ಯಂತ್ರ ಜಯನಗರ 5ನೇ ಬ್ಲಾಕಿನಲ್ಲಿದೆ. ಅಲ್ಲಿ ‘ಸಮಾಧಾನಕರ’ ಎಂದು ಬಂದ ದಿನವೂ, ಎಲೆಗುಡ್ಡೆಯಿಂದ ಎರಡು ಮೊಳ ದೂರದಲ್ಲಿ ನಿಂತವಳ ಎದೆಗೆ ಎಷ್ಟು ಇಳಿಯಿತು ಅನ್ನೋದನ್ನ ಯಾವ ಯಂತ್ರ ಹೇಳುತ್ತದೆ?

ಬೀದಿ ಮೂಲೆಯ ಬೆಂಕಿ ಸಣ್ಣದು. ಇದೇ ಊರಿನಲ್ಲಿ ಕೆರೆಗೇ ಬೆಂಕಿ ಬಿದ್ದದ್ದನ್ನು ಮರೆಯಬೇಡಿ. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಉರಿಯಿತು. 2018ರ ಜನವರಿ 19ರಂದು ಮತ್ತೆ ಉರಿದಾಗ ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಊರಿನ ಹೊಲಸನ್ನೆಲ್ಲ ಆ ಕೆರೆಗೆ ಬಿಟ್ಟವರು ಪೊರಕೆ ಹಿಡಿದವರಾ? ಅವರಿಗೆ ಎಷ್ಟು ದಿನದ ಸಂಬಳ ಹಿಡಿದರು?

ಕಾಡಿನ ಬೆಂಕಿಯಲ್ಲೂ ಇದೇ ನ್ಯಾಯ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು ಹತ್ತಿರ ಹತ್ತಿರ 11 ಸಾವಿರ ಎಕರೆ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅಲ್ಲೇ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಬೆಂದು ಸತ್ತದ್ದು ಎಷ್ಟು ಜನಕ್ಕೆ ನೆನಪಿದೆ? ಹಸಿ ಸೊಪ್ಪಿನ ಕೊಂಬೆ ಹಿಡಿದು ಹೊಗೆಯೊಳಗೆ ನುಗ್ಗುವವರಲ್ಲಿ ದಿನಗೂಲಿಯ ಕಾಡುಜನ ಎಷ್ಟೋ ಮಂದಿ. ‘ಬೆಂಕಿ ಇಟ್ಟವರು ಇವರೇ’ ಎಂದು ಮೊದಲ ಬೆರಳು ತಿರುಗುವುದೂ ಅವರ ಕಡೆಗೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುವುದು ಅವರ ಪದ್ಧತಿಯಾಗಿತ್ತು. ಅದಕ್ಕೆ ತರಗುಬೆಂಕಿ ಅಂತಾರೆ. ಬೇಗ ಹತ್ತಿ ಬೇಗ ಆರುವ ಬೆಂಕಿ. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗುಬೆಂಕಿ ಅಪರಾಧವಾಯಿತು. ಆ ಮೇಲೆಯೇ ಲಂಟಾನ ಕಾಡು ತುಂಬಾ ಹಬ್ಬಿದ್ದು, ಅದು ಒಣಗಿ ನಿಂತಲ್ಲಿ ಬೆಂಕಿ ಮರದ ತಲೆಗೇರುವುದು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ತಿಳಿದವರ ಕೈಯಿಂದ ಕಡ್ಡಿ ಕಿತ್ತುಕೊಂಡು, ಕಾಡು ಉರಿದಾಗ ಅವರನ್ನೇ ಕಳ್ಳರೆನ್ನುವುದು ಯಾವ ಧರ್ಮ?

ಮಹಾಡಿನ ಚವದಾರ್ ಕೆರೆ ಎಲ್ಲರಿಗೂ ಸೇರಿದ್ದು ಎಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಅವರ ಕೈಯಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಡೆದುಹೋಗಿ ಆ ನೀರು ಕುಡಿಯಬೇಕಾಯಿತು. ಇವತ್ತು ಗಾಳಿಯದೂ ಅದೇ ಪಾಡು. ಕಾಗದದಲ್ಲಿ ಅದು ಎಲ್ಲರದು. ಆದರೆ ಬಾಗಿಲು ಮುಚ್ಚಿ ಗಾಳಿ ಸೋಸುವ ಯಂತ್ರ ಹಾಕಿಕೊಂಡವರಿಗೆ ಒಂದು ಗಾಳಿ, ನಮ್ಮ ರೂಮಿಗೆ ಒಂದು ಗಾಳಿ, ಪೊರಕೆಗೆ ಮತ್ತೊಂದು ಗಾಳಿ. ‘ಹೊರಗೆ ಬರಬೇಡಿ’ ಎಂಬ ಬುದ್ಧಿಮಾತು ಬೀದಿಯೇ ಕೆಲಸವಾದವರಿಗೆ ಏನಕ್ಕೆ ಬಂತು?

ನಾವು ಕೇಳುವುದು ಇಷ್ಟೇ. ಒಂದು, ಒಣ ಎಲೆ ಎತ್ತುವ ಗಾಡಿ ಗೊತ್ತಾದ ದಿನಕ್ಕೆ ಬರಬೇಕು, ಬಾರದಿದ್ದರೆ ಜವಾಬುದಾರಿ ಗಾಡಿ ಕಳಿಸಬೇಕಾದವರದು. ಎರಡು, ಸುಟ್ಟದ್ದಕ್ಕೆ ಪೌರಕಾರ್ಮಿಕರ ಸಂಬಳ ಹಿಡಿಯಕೂಡದು. ಮೂರು, ಈ ಕಣ ತಡೆಯುವ ಎನ್-95 ಮಾಸ್ಕು, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಅವರಿಗೆ ಸಿಗಬೇಕು. ನಾಲ್ಕು, ಕಾಡಿನ ಬೆಂಕಿಯ ಬಗ್ಗೆ ತೀರ್ಮಾನ ಮಾಡುವ ಕಡೆ ಕಾಡಿನ ಜನ ಕೂತಿರಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಹಾಸ್ಟೆಲಿನ ಹಿಂದೆ ಎಲೆಗೆ ಗುಂಡಿ ತೋಡಿದ್ದೇವೆ. ಊರಲ್ಲಿ ತಿಪ್ಪೆ ಕಂಡವರಿಗೆ ಇದೇನು ಹೊಸದಲ್ಲ. ಗಾಡಿ ಬಾರದ ದಿನಗಳ ತಾರೀಖು ಬರೆದಿಡುತ್ತಿದ್ದೇವೆ. ನೀವೂ ನಿಮ್ಮ ಹಾಸ್ಟೆಲುಗಳ ಬೀದಿಯಲ್ಲಿ ಬರೆದಿಡಿ. ಫೋಟೋ ಹಿಡಿಯುವುದಾದರೆ ಕೊಳೆಯುತ್ತಿರುವ ಗುಡ್ಡೆಯದ್ದು ಹಿಡಿಯಿರಿ, ಅದರ ಪಕ್ಕ ನಿಂತ ಮುಖದ್ದು ಬೇಡ. ಮುಂದಿನ ಸಭೆಗೆ ಆ ಪಟ್ಟಿ ತನ್ನಿ, ಎಲ್ಲವನ್ನೂ ಸೇರಿಸಿ ಪಾಲಿಕೆಯ ಮುಂದಿಡೋಣ.

ಈ ಬರಹ ಮುಗಿಸಿ ಆ ಅಕ್ಕನ ಹತ್ತಿರ ಹೋದೆವು. ದೂರು ಕೊಟ್ಟವರು ನಾವೇ ಎಂದು ಹೇಳಿದೆವು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ಎರಡು ದಿನದ ಸಂಬಳ ಹೋಯ್ತು ಬಿಡಿ. ಗಾಡಿ ತರಿಸ್ರಪ್ಪಾ” ಅಂದಳು.

ತರಿಸಬೇಕು.