ಫ್ರೆಂಚ್ ಪ್ರೆಸ್ ಕಾಫಿ: ಜರಡಿ ತಡೆಯದ ಜಿಡ್ಡು

ಗಾಜಿನ ಒಂದು ಪಾತ್ರೆ, ಅದರೊಳಗೆ ಮೇಲಿನಿಂದ ಕೆಳಕ್ಕೆ ಒತ್ತುವ ಲೋಹದ ಜರಡಿ. ಫ್ರೆಂಚ್ ಪ್ರೆಸ್ ಎಂದರೆ ಇಷ್ಟೇ. ಹೊರ ಊರುಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿರುವ ಮಕ್ಕಳು ಹಬ್ಬಕ್ಕೆ ಬರುವಾಗ ತಂದೆತಾಯಿಯರಿಗಾಗಿ ಇದನ್ನು ಕೊಂಡುತರುವುದು ಈಗ ಸಾಮಾನ್ಯವಾಗಿದೆ. ಅದರೊಡನೆ ಒಂದು ಉಪದೇಶವೂ ಬರುತ್ತದೆ: ಹಾಲು, ಸಕ್ಕರೆ ಬಿಡಿ, ಕಪ್ಪು ಕಾಫಿ ಕುಡಿಯಿರಿ, ಹೃದಯಕ್ಕೆ ಒಳ್ಳೆಯದು. ಸಕ್ಕರೆಯ ಮಟ್ಟಿಗೆ ಈ ಮಾತನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಹೃದಯದ ಮಟ್ಟಿಗೆ ಒಪ್ಪುವ ಮುನ್ನ ಕಾಫಿಯನ್ನು ಯಾವುದರಲ್ಲಿ ಸೋಸಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕಾಗುತ್ತದೆ.

ಹೆಸರು ಫ್ರೆಂಚ್ ಆದರೂ ಈ ಪಾತ್ರೆಗೆ 1929ರಲ್ಲಿ ಪೇಟೆಂಟ್ ಪಡೆದವರು ಆಟಿಲಿಯೋ ಕಾಲಿಮಾನಿ ಮತ್ತು ಜೂಲಿಯೋ ಮೊನೆಟಾ ಎಂಬ ಇಟಲಿಯವರು. ಇದರ ಬಳಕೆ ಬಲು ಸುಲಭ. ಅರ್ಧ ಲೀಟರ್ ನೀರಿಗೆ ಸುಮಾರು 30 ಗ್ರಾಂ ಪುಡಿ ಸಾಕು. ಆದರೆ ಆ ಪುಡಿ ನಮ್ಮ ಫಿಲ್ಟರಿಗೆ ಹಾಕುವ ನುಣ್ಣನೆಯ ಪುಡಿಯಲ್ಲ. ಉಪ್ಪಿಟ್ಟಿನ ರವೆಗಿಂತ ತುಸು ದಪ್ಪವಾಗಿ, ಚಿಕೋರಿ ಬೆರೆಸದೆ, ತರಿತರಿಯಾಗಿ ಬೀಸಿಕೊಡುವಂತೆ ಅಂಗಡಿಯವರಿಗೆ ಹೇಳಬೇಕು. ನುಣ್ಣನೆಯ ಪುಡಿ ಹಾಕಿದರೆ ಜರಡಿ ಕಟ್ಟಿಕೊಳ್ಳುತ್ತದೆ; ಆಗ ಬಲವಾಗಿ ಒತ್ತಿದರೆ ಬಿಸಿ ಕಾಫಿ ಮೇಲಕ್ಕೆ ಚಿಮ್ಮಿ ಕೈ ಸುಡುತ್ತದೆ, ಗಾಜು ಒಡೆಯುವುದೂ ಉಂಟು. ನೀರು ಕುದಿದ ಮೇಲೆ ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟು ಪುಡಿಯ ಮೇಲೆ ಹೊಯ್ಯಬೇಕು. ಒಮ್ಮೆ ಕದಡಿ, ಮುಚ್ಚಿ, ನಾಲ್ಕು ನಿಮಿಷ ಕಾದು, ನಿಧಾನವಾಗಿ ಒತ್ತಿ, ಆ ಕೂಡಲೇ ಬಗ್ಗಿಸಿಕೊಳ್ಳಬೇಕು. ಪಾತ್ರೆಯಲ್ಲೇ ಉಳಿಸಿದರೆ ಕಹಿ ಏರುತ್ತದೆ. ಲೋಟದ ತಳದ ಚರಟವನ್ನು ಕುಡಿಯದೆ ಬಿಡುವುದೇ ಲೇಸು.

ರುಚಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ಬೀಜದ ಪರಿಮಳ ಈ ವಿಧಾನದಲ್ಲಿ ಬರುವಷ್ಟು ತುಂಬಾಗಿ ಬೇರೆಡೆ ಬರುವುದು ಅಪರೂಪ. ಅದಕ್ಕೆ ಒಂದು ಕಾರಣ, ಬೀಜದ ಎಣ್ಣೆಯ ಅಂಶ ಜರಡಿಯ ಕಣ್ಣುಗಳಿಂದ ನುಸುಳಿ ಲೋಟಕ್ಕೆ ಇಳಿಯುವುದು. ತೊಡಕಿರುವುದೂ ಅಲ್ಲಿಯೇ. ಆ ಜಿಡ್ಡಿನಲ್ಲಿ ಕೆಫೆಸ್ಟಾಲ್ ಮತ್ತು ಕಾಹ್ವಿಯೋಲ್ ಎಂಬ ಎರಡು ವಸ್ತುಗಳಿವೆ. ಕೊಲೆಸ್ಟ್ರಾಲನ್ನು ಪಿತ್ತರಸದ ಆಮ್ಲಗಳನ್ನಾಗಿ ಮಾರ್ಪಡಿಸಿ ಕರಗಿಸುವುದು ಯಕೃತ್ತಿನ ಕೆಲಸ. ಕೆಫೆಸ್ಟಾಲ್ ಆ ಕೆಲಸವನ್ನು ಕುಗ್ಗಿಸುತ್ತದೆ. ಕರಗದೆ ಉಳಿದದ್ದು ರಕ್ತದಲ್ಲಿ ಏರುತ್ತದೆ.

ಇದು ಬರಿಯ ಊಹೆಯಲ್ಲ. ಕಾಫಿ ಹೆಚ್ಚು ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವುದನ್ನು ನಾರ್ವೆಯ ಟ್ರೋಮ್ಸೋ ನಗರದ ಸಂಶೋಧಕರು 1983ರಲ್ಲಿ ಪ್ರಕಟಿಸಿದರು. ಆ ಸೀಮೆಯವರು ಪುಡಿಯನ್ನು ನೀರಿನಲ್ಲಿಯೇ ಕುದಿಸಿ, ಸೋಸದೆ ಕುಡಿಯುವುದು ಆಗ ವಾಡಿಕೆಯಾಗಿತ್ತು. ಕಾಗದದಲ್ಲಿ ಸೋಸಿ ಕುಡಿಯುವವರಲ್ಲಿ ಇಂಥ ಏರಿಕೆ ಕಾಣದಿದ್ದುದು ಮುಂದಿನ ಅಧ್ಯಯನಗಳಲ್ಲಿ ಬೆಳಕಿಗೆ ಬಂತು. ಫ್ರೆಂಚ್ ಪ್ರೆಸ್ಸನ್ನೇ ಹಿಡಿದು ಪರೀಕ್ಷಿಸಿದವರು ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು. ಆರೋಗ್ಯವಂತರಿಗೆ 24 ವಾರಗಳ ಕಾಲ ದಿನಕ್ಕೆ ಐದಾರು ಕಪ್ ಗಟ್ಟಿ ಕಾಫಿ ಕೊಟ್ಟಾಗ, ಈ ಪಾತ್ರೆಯ ಕಾಫಿ ಕುಡಿದವರ ಎಲ್‌ಡಿಎಲ್, ಅಂದರೆ ಕೆಟ್ಟದ್ದೆನಿಸಿದ ಕೊಲೆಸ್ಟ್ರಾಲ್, ನೂರಕ್ಕೆ 9ರಿಂದ 14ರಷ್ಟು ಏರಿತ್ತು. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿ ಇದು. ಕಾಫಿ ನಿಲ್ಲಿಸಿದ ಮೇಲೆ ಅದು ಮೊದಲಿನ ಮಟ್ಟಕ್ಕೆ ಮರಳಿತೆಂಬುದೂ ಅದೇ ವರದಿಯಲ್ಲಿದೆ.

ಐದಾರು ಕಪ್ ಎಂದರೆ ಬಹಳವೆಂದು ಕೆಲವರಿಗೆ ತೋರಬಹುದು. ದೊಡ್ಡ ಪಾತ್ರೆ ಮನೆಗೆ ಬಂದ ಮೇಲೆ ಲೋಟದ ಅಳತೆಯೂ ದೊಡ್ಡದಾಗುತ್ತದೆ ಎಂಬುದು ನಾವು ಅನೇಕ ಮನೆಗಳಲ್ಲಿ ಕಂಡ ಮಾತು. ಹಿತ್ತಾಳೆಯ ಫಿಲ್ಟರಿಗೂ ಲೋಹದ ತಳವೇ ಇರುವುದರಿಂದ ಅದನ್ನು ಕಾಗದಕ್ಕೆ ಸಮವೆನ್ನಲಾಗದು. ಆದರೆ ಅದರ ಡಿಕಾಕ್ಷನ್ನನ್ನು ಯಾರೂ ಲೋಟಗಟ್ಟಲೆ ಕುಡಿಯುವುದಿಲ್ಲ, ಹಾಲಿಗೆ ಬೇಕಾದಷ್ಟೇ ಬೆರೆಸುತ್ತಾರೆ. ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳೆಯುವ ಎರಡು ತಳಿಗಳ ಪೈಕಿ ಅರೇಬಿಕಾದಲ್ಲಿ ಈ ಜಿಡ್ಡಿನ ವಸ್ತುಗಳು ಹೆಚ್ಚು. ರೊಬಸ್ಟಾದಲ್ಲಿ ಕಡಿಮೆ, ಆದರೆ ಕೆಫೀನ್ ಸುಮಾರು ಎರಡರಷ್ಟು. ತಳಿ ಬದಲಿಸಿ ಪಾರಾಗುವ ದಾರಿ ಇಲ್ಲ.

ಕೆಫೀನಿನ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. 150 ಮಿಲಿಲೀಟರಿನ ಒಂದು ಕಪ್ಪಿನಲ್ಲೇ 80ರಿಂದ 120 ಮಿಲಿಗ್ರಾಂ ಇರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಬೇಡವೆಂದೂ ಅದು ಹೇಳುತ್ತದೆ. ಊಟದೊಡನೆ ಕುಡಿದರೆ ಅನ್ನದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆಯುಳ್ಳ ತಾಯಂದಿರು ಇದನ್ನು ಲಘುವಾಗಿ ಎಣಿಸಬಾರದು.

ಹಾಗಾದರೆ ಮಕ್ಕಳು ಪ್ರೀತಿಯಿಂದ ತಂದ ಪಾತ್ರೆಯನ್ನು ಅಟ್ಟಕ್ಕೇರಿಸಬೇಕೆ? ಬೇಕಿಲ್ಲ. ಜರ್ಮನಿಯ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಗದದ ಸೋಸುಕಕ್ಕೆ ಹಕ್ಕು ಪಡೆದದ್ದು ಚರಟ ಮತ್ತು ಕಹಿಯ ಕಾಟ ತಾಳಲಾರದೆ. ಆ ಕಾಗದವೇ ಈ ಜಿಡ್ಡನ್ನೂ ಬಹುಪಾಲು ಹಿಡಿದಿಡುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಒತ್ತಿ ಇಳಿಸಿದ ಕಾಫಿಯನ್ನು ಅಂಥ ಕಾಗದವಿಟ್ಟ ಸೋಸಣಿಗೆಯ ಮೂಲಕ ಇನ್ನೊಮ್ಮೆ ಹಾಯಿಸಿದರೆ ಸಾಕು. ತುಂಬುರುಚಿ ಸ್ವಲ್ಪ ತಗ್ಗುತ್ತದೆ, ನಿಜ. ಕೊಲೆಸ್ಟ್ರಾಲ್ ಸರಿಯಿರುವವರು ದಿನಕ್ಕೊಂದು ಕಪ್ಪನ್ನು ಹಾಗೆಯೇ ಕುಡಿದರೆ ನಮ್ಮ ಆಕ್ಷೇಪವಿಲ್ಲ. ಅದು ಏರಿರುವವರು, ಹೃದಯದ ಚಿಕಿತ್ಸೆ ಪಡೆದವರು ಮಾತ್ರ ಕಾಗದವಿಲ್ಲದೆ ನಿತ್ಯವೂ ಕುಡಿಯಕೂಡದು. ವೈದ್ಯರ ಬಳಿಗೆ ಹೋದಾಗ ಎಷ್ಟು ಕಾಫಿ ಕುಡಿಯುತ್ತೇವೆ ಎಂಬುದರೊಡನೆ ಅದನ್ನು ಹೇಗೆ ಮಾಡಿಕೊಳ್ಳುತ್ತೇವೆ ಎಂಬುದನ್ನೂ ಸದ್ಭಕ್ತರು ತಿಳಿಸಬೇಕು. ಕಾಗದಕ್ಕೆ ಬದಲಾಯಿಸಿದೆವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಮುಂದಿನ ರಕ್ತಪರೀಕ್ಷೆಯ ವರದಿ ಬರುವವರೆಗೆ ಕಾಯಬೇಕು.