ಚಿತ್ರ ಬರೆದವರು ಯಾರು?

ನಮ್ಮ ಸೋದರ ಪತ್ರಿಕೆಯೊಂದು ಈಚೆಗೆ ಪುಟಾಣಿಗಳ ಪುಸ್ತಕಗಳ ಪಟ್ಟಿಯೊಂದನ್ನು ಬಹಳ ಅಬ್ಬರದಿಂದ ಪ್ರಕಟಿಸಿತು. ಹೆಸರು ಹೇಳುವುದಿಲ್ಲ, ಓದುಗರಿಗೆ ಗೊತ್ತಿದೆ. ಎಲ್‌ಕೆಜಿ, ಯುಕೆಜಿ, ಅಂಗನವಾಡಿ ಮಕ್ಕಳ ಕೈಗೆ ಕೊಡಲೇಬೇಕಾದ ಪುಸ್ತಕಗಳಂತೆ. ಲೇಖಕರ ಹೆಸರಿದೆ, ಅವರು ಪಡೆದ ಪ್ರಶಸ್ತಿಗಳಿವೆ, ಪ್ರಕಾಶಕರ ವಿಳಾಸವಿದೆ, ಬೆಲೆಯಿದೆ, ರಿಯಾಯಿತಿಯೂ ಇದೆ. ಚಿತ್ರ ಬರೆದವರ ಹೆಸರು ಮಾತ್ರ ಒಂದಕ್ಕೂ ಇಲ್ಲ. ಅಕ್ಷರವೇ ಬಾರದ ಮಗು ಆ ಪುಸ್ತಕದಲ್ಲಿ ತಾನಾಗಿ ಓದಿಕೊಳ್ಳುವುದು ಚಿತ್ರವನ್ನು. ಅದನ್ನು ಬರೆದವರು ಯಾರೆಂದು ಪಟ್ಟಿ ಮಾಡಿದ ವಿದ್ವಾಂಸರಿಗೆ ಕೇಳಬೇಕೆನಿಸಿಲ್ಲ. ಪಟ್ಟಿಯಲ್ಲಿ ಅರ್ಧಪಾಲು ನೀತಿಕಥೆಗಳ ಸಂಗ್ರಹ, ಮಿಕ್ಕದ್ದರಲ್ಲಿ ಮಹಾಪುರುಷರ ಬಾಲ್ಯ. ನಾಲ್ಕು ವರ್ಷದ ಮಗು ಯಾವ ದುರ್ನಡತೆಯನ್ನು ತಿದ್ದಿಕೊಳ್ಳಬೇಕೆಂದು ಇವರ ಅಪೇಕ್ಷೆಯೋ!

ಈ ಮಾತನ್ನು ಸಭೆಯೊಂದರಲ್ಲಿ ಎತ್ತಿದ್ದಕ್ಕೆ ಹಿರಿಯ ಮಕ್ಕಳ ಸಾಹಿತಿಯೊಬ್ಬರು, 'ಕಥೆ ಗಟ್ಟಿಯಿದ್ದರೆ ಚಿತ್ರ ಯಾರು ಬರೆದರೇನು, ಅದು ಒಡವೆ' ಎಂದರು. ಚಪ್ಪಾಳೆಯೂ ಬಿತ್ತು. ಅವರು ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ 'ರೋಸೀಸ್ ವಾಕ್' ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಇಡೀ ಪುಸ್ತಕಕ್ಕೆ ಇರುವುದು ಒಂದೇ ವಾಕ್ಯ, 32 ಪದ. ಕೋಳಿಯೊಂದು ಅಂಗಳ ಸುತ್ತಿ, ಕೊಳ ಬಳಸಿ, ಊಟದ ಹೊತ್ತಿಗೆ ಮನೆಗೆ ಬಂತು ಎಂಬಷ್ಟೇ ಅದರ ಸಂಗತಿ. ಆದರೆ ಚಿತ್ರದಲ್ಲಿ ಮೊದಲಿಂದ ಕೊನೆಯವರೆಗೆ ನರಿಯೊಂದು ಆ ಕೋಳಿಯ ಹಿಂದೆ ಬಿದ್ದಿದೆ, ಪುಟಪುಟಕ್ಕೂ ಎಡವಿ ಬಿದ್ದು ಪೆಟ್ಟು ತಿನ್ನುತ್ತದೆ. ಬರಹದಲ್ಲಿ ನರಿಯ ಸುಳಿವೇ ಇಲ್ಲ. ಓದಿ ಹೇಳುವ ಅಮ್ಮನಿಗೆ ಕೋಳಿಯ ಕಥೆ, ಕೇಳುತ್ತ ನೋಡುವ ಮಗುವಿಗೆ ನರಿಯ ಕಥೆ. ದೊಡ್ಡವರು ಹೇಳದೆ ಬಿಟ್ಟದ್ದನ್ನು ತಾನು ಕಂಡೆನೆಂದು ಮಗು ಕಿರುಚಿ ಬೆರಳಿಡುತ್ತದಲ್ಲ, ಆ ಪುಸ್ತಕ ಇರುವುದು ಅದಕ್ಕಾಗಿಯೇ. ಚಿತ್ರವನ್ನು ಕಿತ್ತರೆ ಅಲ್ಲಿ ಕಥೆಯೇ ಉಳಿಯುವುದಿಲ್ಲ. ಇದು ಒಡವೆಯೇ?

ಕನ್ನಡದ ಮಕ್ಕಳ ಸಾಹಿತ್ಯ ಬಡವೆಂದು ನಾವು ಹೇಳುತ್ತಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಂಥವರನ್ನು ಪಡೆದ ಭಾಷೆ ಇದು. ಆದರೆ ಅವರು ಕೊಟ್ಟದ್ದು ಕಿವಿಗೆ. ಪ್ರಾಸಕ್ಕೆ ಮಗು ಕುಣಿಯಿತು, ನಾವೂ ಕುಣಿದು ಬೆಳೆದೆವು. ಕಣ್ಣಿನ ವಿಷಯಕ್ಕೆ ಬಂದರೆ ಕಾರಂತರೊಬ್ಬರು 'ಬಾಲ ಪ್ರಪಂಚ'ದ ಮೂರು ಸಂಪುಟಗಳಲ್ಲಿ ಜಗತ್ತನ್ನೇ ತೋರಿಸಹೊರಟರು, ಅದು ಓದು ಬಲ್ಲ ಮಕ್ಕಳಿಗೆ. ಆಮೇಲೆ ಬಂದದ್ದು 'ಚಂದಮಾಮ'. ಅದರ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ. ಮದರಾಸಿನಿಂದ ಮರಳಿ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದವರು. ಕನ್ನಡ ಮಕ್ಕಳ ಸಾಹಿತ್ಯದ ಯಾವ ಚರಿತ್ರೆಯಲ್ಲಾದರೂ ಅವರಿಗೆ ಒಂದು ಪ್ಯಾರಾ ಸಿಕ್ಕಿದ್ದರೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಸುಧಾ, ಪ್ರಜಾವಾಣಿಗಳಲ್ಲಿ ಜಿ.ಕೆ. ಸತ್ಯ, ಚಂದ್ರನಾಥ ಆಚಾರ್ಯರಂಥವರ ರೇಖೆ ನೋಡಿ ಕಥೆ ಓದಿದ ತಲೆಮಾರು ನಮ್ಮದು. ಅಂಥವರ ಕೈಗೆ ಒಂದು ಪೂರ್ತಿ ಪುಸ್ತಕ ಕೊಟ್ಟು, 'ಮೂರು ವರ್ಷದ ಮಗುವಿಗೆ ನೀವೇ ಕಥೆ ಹೇಳಿ, ಪದ ಆಮೇಲೆ ನೋಡೋಣ' ಎಂದ ಪ್ರಕಾಶಕರು ಎಷ್ಟು ಮಂದಿ? ಸೋವಿಯತ್ ಒಕ್ಕೂಟ ಇರುವತನಕ ನವಕರ್ನಾಟಕದ ಮಳಿಗೆಗಳಲ್ಲಿ ದಪ್ಪ ಕಾಗದದ ಬಣ್ಣದ ಪುಸ್ತಕಗಳು ಅಗ್ಗವಾಗಿ ಸಿಗುತ್ತಿದ್ದವು. 1991ರ ನಂತರ ಆ ಬಾಗಿಲೂ ಮುಚ್ಚಿತು.

ಯಾಕೆ ಹೀಗೆ ಎಂದರೆ ನಮ್ಮ ಸಾಹಿತಿಗಳು ಅಭಿರುಚಿಯ ಮಾತಾಡುತ್ತಾರೆ. ನಾವು ಲೆಕ್ಕದ ಮಾತಾಡುತ್ತೇವೆ. ಕನ್ನಡ ಪ್ರಕಾಶಕರ ಕಣ್ಣು ಇರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಅಲ್ಲಿ ಪುಸ್ತಕದ ಬೆಲೆ ಕಟ್ಟುವುದು ಪುಟ ಎಣಿಸಿ. ಕಾದಂಬರಿಗೆ ಇದು ಹೊಂದಬಹುದು. ಚಿತ್ರಪುಸ್ತಕಕ್ಕೆ ಇರುವುದೇ 16 ಪುಟ, 24 ಪುಟ, ಹೆಚ್ಚೆಂದರೆ 32. ಅದಕ್ಕೆ ನಾಲ್ಕು ಬಣ್ಣದ ಮುದ್ರಣ ಬೇಕು, ಮಗುವಿನ ಜೊಲ್ಲು, ಎಳೆದಾಟ ತಡೆಯುವ ಕಾಗದ ಬೇಕು, ತಿಂಗಳುಗಟ್ಟಲೆ ಕೂತು ಬರೆದ ಕಲಾವಿದರಿಗೆ ಸಂಭಾವನೆ ಬೇಕು. ಬಣ್ಣಕ್ಕೆಂದು ಒಂದಿಷ್ಟು ಕೂಡಿಸಿದರೂ ಲೆಕ್ಕ ಪುಟದ್ದೇ ಆದಮೇಲೆ ಖರ್ಚು ಹುಟ್ಟುವುದಿಲ್ಲ. ಪ್ರಕಾಶಕರು ದಡ್ಡರಲ್ಲ. ಹತ್ತು ಕಥೆ ಒಟ್ಟು ಹಾಕಿ, ಪ್ರತಿ ಕಥೆಯ ತಲೆಗೊಂದು ಕಪ್ಪು ಬಿಳುಪು ಚಿತ್ರ ಅಂಟಿಸಿ, ಹಳೆಯ ಪುಸ್ತಕದಿಂದಲೋ ಅಂತರ್ಜಾಲದಿಂದಲೋ ಎತ್ತಿದ್ದಾದರೂ ಚಿಂತೆಯಿಲ್ಲವೆಂದು, ಮುಖಪುಟದಲ್ಲಿ 'ಸಚಿತ್ರ' ಎಂದು ಅಚ್ಚು ಹಾಕಿಸುತ್ತಾರೆ. ಪುಟವೂ ತುಂಬಿತು, ಬೆಲೆಯೂ ಬಂತು.

ಹಾಗೂ ಹೀಗೂ ಒಂದು ತೆಳು ಪುಸ್ತಕ ಗ್ರಂಥಾಲಯದೊಳಗೆ ಹೋಯಿತೆನ್ನಿ. ನಡುವೆ ಎರಡು ಪಿನ್ ಹೊಡೆದ ಪುಸ್ತಕಕ್ಕೆ ಬೆನ್ನಿಲ್ಲ, ಬೆನ್ನಿಲ್ಲದ್ದರಿಂದ ಹೆಸರಿಲ್ಲ, ಕಪಾಟಿನಲ್ಲಿ ನಿಲ್ಲಿಸಿದರೆ ಎರಡು ದಪ್ಪ ಗ್ರಂಥಗಳ ನಡುವೆ ಕಳೆದೇಹೋಗುತ್ತದೆ. ಮುಖಪುಟ ಕಾಣುವಂತೆ ಮಗುವಿನ ಎತ್ತರಕ್ಕೆ ಒಂದು ಹಗ್ಗ ಕಟ್ಟಿ ನೇತುಹಾಕಿದರೆ ಸಾಕು, ಖರ್ಚೇನೂ ಇಲ್ಲ. ಆದರೆ ಹರಿದರೆ ಯಾರು ಲೆಕ್ಕ ಕೊಡಬೇಕು ಎಂಬ ಭಯಕ್ಕೆ ಬೀರುವಿಗೆ ಬೀಗ. ಈ ವಯಸ್ಸಿನಲ್ಲಿ ಪುಸ್ತಕ ಹರಿಯುತ್ತದೆ ಸ್ವಾಮಿ. ಹರಿದದ್ದನ್ನು ಖರ್ಚೆಂದು ಬರೆದುಹಾಕುವ ಅಧಿಕಾರವನ್ನು ಅಲ್ಲಿನ ಮೇಲ್ವಿಚಾರಕರಿಗೆ ಕೊಡಿ.

2020ರಲ್ಲಿ ಶುರುವಾದ 'ಓದುವ ಬೆಳಕು' ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತಂದದ್ದು ಒಳ್ಳೆಯ ಕೆಲಸ, ಈ ಪತ್ರಿಕೆ ಅದನ್ನು ಹೊಗಳಿದೆ. ಆದರೆ ಅಲ್ಲಿನ ಉಚಿತ ಸದಸ್ಯತ್ವ ಆರು ವರ್ಷದಿಂದ ಮೇಲಿನವರಿಗೆ. ಆರರೊಳಗಿನವರು ಅಂಗನವಾಡಿಯ ಪಾಲು. ಅಂಗನವಾಡಿಗೆ 1975ರ ಅಕ್ಟೋಬರ್ 2ರಿಂದ ಲೆಕ್ಕ ಹಾಕಿದರೆ ಐವತ್ತು ತುಂಬಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಈ ಐವತ್ತು ವರ್ಷದಲ್ಲಿ ಮೊಟ್ಟೆಯ ಬಗ್ಗೆ ಜಗಳವಾಯಿತು, ಬಾಡಿಗೆ ಕಟ್ಟಡದ ಬಗ್ಗೆ ಆಯಿತು, ಗೌರವಧನಕ್ಕಾಗಿ ಕಾರ್ಯಕರ್ತೆಯರು ಚಳಿ ಮಳೆಯಲ್ಲಿ ಕೂತರು. ನ್ಯಾಯವಾದ ಜಗಳಗಳು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಹೊರಟಾಗ, ಮಕ್ಕಳನ್ನು ನಮ್ಮಿಂದ ಕಿತ್ತುಕೊಳ್ಳಬೇಡಿ ಎಂದು ಅವರು ಬೀದಿಗಿಳಿದದ್ದೂ ನ್ಯಾಯವೇ. ಕೊನೆಗೆ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸರಿ' ಎಂಬ ಬೋರ್ಡೂ ಬಂತು. ಮಗು ಯಾರ ಇಲಾಖೆಯದು ಎಂದು ಎರಡು ಇಲಾಖೆಗಳು ಎಳೆದಾಡಿದಷ್ಟು ದಿನವೂ, ಆ ಮಗುವಿನ ಕೈಗೆ ಯಾವ ಪುಸ್ತಕ ಎಂದು ಒಬ್ಬ ಮಂತ್ರಿ, ಒಬ್ಬ ಸಂಘದ ಮುಖಂಡ, ಒಬ್ಬ ಸಾಹಿತಿ ಕೇಳಿದ್ದನ್ನು ನಾವು ಓದಲಿಲ್ಲ. 'ಚಿಲಿಪಿಲಿ' ಚಟುವಟಿಕೆ ಪುಸ್ತಕ ಇದೆಯಲ್ಲ ಎನ್ನುವವರಿಗೆ ಉತ್ತರ: ಇದೆ, ಬೇಕು ಕೂಡ. ಅದು ಟೀಚರ್ ಹೇಳಿದಾಗ ತೆರೆಯುವ ಪುಸ್ತಕ. ಸುಮ್ಮನೆ ಎತ್ತಿಕೊಂಡು ಮೂಲೆಗೆ ಹೋಗಿ ಕೂರುವ ಪುಸ್ತಕ ಎಲ್ಲಿ?

ಪ್ರಶಸ್ತಿಗಳ ಕಥೆ ಬೇರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದ ಮೊದಲ ಪುರಸ್ಕಾರ ಬೊಳುವಾರರ ಗಾಂಧಿ ಪುಸ್ತಕಕ್ಕೆ ಬಂದಾಗ ನಾವೂ ಸಂಭ್ರಮಿಸಿದೆವು. ಆದರೆ ಅದು ಬರಹಗಾರರಿಗೆ ಸಲ್ಲುವ ಗೌರವ. ಅಮೆರಿಕದ ಗ್ರಂಥಪಾಲಕರು ಚಿತ್ರಕಾರರಿಗೆಂದೇ ಕಾಲ್ಡೆಕಾಟ್ ಪದಕ ಕೊಡಲು ಶುರು ಮಾಡಿದ್ದು 1938ರಲ್ಲಿ. ನಮ್ಮಲ್ಲಿ ಕಲಾವಿದರ ಹೆಸರು ಹಕ್ಕುಸ್ವಾಮ್ಯದ ಪುಟದಲ್ಲಿ, ಅಕ್ಷರಜೋಡಣೆ ಮಾಡಿದವರ ಹೆಸರಿನ ಕೆಳಗೆ ಬಂದರೆ ಅದೇ ಪುಣ್ಯ.

ಈ ನಡುವೆ ಕನ್ನಡದ ಪುಟಾಣಿಗಳ ಮಾನ ಉಳಿಸಿದವರು ಬಹುಭಾಷಾ ಪ್ರಕಾಶಕರು. ಚೆನ್ನೈನ ತೂಲಿಕಾ, ಬೆಂಗಳೂರಿನಲ್ಲೇ ಇರುವ ಪ್ರಥಮ್ ಬುಕ್ಸ್. ಪ್ರಥಮ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಿಂದ ಹಳ್ಳಿಯ ಟೀಚರೊಬ್ಬರು ಕಾಸು ಕೊಡದೆ ಪುಸ್ತಕ ಇಳಿಸಿಕೊಂಡು ಅಚ್ಚು ಹಾಕಿಸಬಹುದು. ಮೊಬೈಲಿನಲ್ಲೇ ತೋರಿಸಿ ಕೈತೊಳೆಯುವುದನ್ನು ನಾವು ಒಪ್ಪುವುದಿಲ್ಲ. ಮುಂದಿನ ಪುಟದಲ್ಲೇನಿದೆ ಎಂದು ಮಗು ತಾನೇ ಹಾಳೆ ತಿರುಗಿಸಬೇಕು. ಈ ಪ್ರಕಾಶಕರ ಮೇಲೆ ನಮಗೆ ಗೌರವವಿದೆ, ಹೊಟ್ಟೆಯುರಿಯೂ ಇದೆ. ಕ್ಷೌರ ಮಾಡುವವರಿಗಾಗಿ ಊರೆಲ್ಲ ಅಲೆಯುವ ಶೃಂಗೇರಿ ಶ್ರೀನಿವಾಸನ ಕಥೆ ಮಕ್ಕಳಿಗೆ ಅಚ್ಚುಮೆಚ್ಚು. ಅದನ್ನು ರೋಹಿಣಿ ನಿಲೇಕಣಿ ಬರೆದದ್ದು ಇಂಗ್ಲಿಷಿನಲ್ಲಿ. ಶೃಂಗೇರಿಯವನೊಬ್ಬ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾಯಿತಲ್ಲ, ನಮ್ಮ ಮಕ್ಕಳ ಸಾಹಿತ್ಯ ಪರಿಷತ್ತುಗಳು, ಸಮ್ಮೇಳನಗಳು, ಗೋಷ್ಠಿಗಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದವು?

ಅಂದಹಾಗೆ, ಈ ಸಂಚಿಕೆ ಮೂರರಿಂದ ಆರು ವರ್ಷದವರ ಚಿತ್ರಪುಸ್ತಕಗಳ ವಿಶೇಷಾಂಕ. ಪಟ್ಟಿ ಒಳಗಿದೆ, ಚಿಕ್ಕದಾಗಿದೆ. ಅಶೋಕ್ ರಾಜಗೋಪಾಲನ್ ತಾವೇ ಬರೆದು ತಾವೇ ಚಿತ್ರಿಸಿದ 'ಗಜಪತಿ ಕುಲಪತಿ'ಯ ಸೀನುವ ಆನೆ ಅಲ್ಲಿದೆ. ಸಂಧ್ಯಾ ರಾವ್ ಬರೆದ, ನೀನಾ ಸಬ್ನಾನಿ ಚಿತ್ರಿಸಿದ ಅಮ್ಮನ ಸೀರೆಯ ಪುಸ್ತಕವಿದೆ. ನಿಜವಾದ ಸೀರೆಗಳ ಫೋಟೋಗಳ ಮೇಲೆ ಪುಟ್ಟ ಮಕ್ಕಳನ್ನು ಬಣ್ಣದಲ್ಲಿ ಆಡಬಿಟ್ಟಿರುವ ಆ ಪುಟಗಳನ್ನು ಮಕ್ಕಳು ಕೈಯಿಂದ ಸವರಿ ನೋಡುತ್ತಾರೆ. ಮಿಕಿ ಪಟೇಲ್ ನ್ಯಾಷನಲ್ ಬುಕ್ ಟ್ರಸ್ಟಿಗೆ ಮಾಡಿಕೊಟ್ಟ, ಬಣ್ಣ ಬೇಕೆಂದು ಹಟ ಹಿಡಿದ ರೂಪಾ ಎಂಬ ಆನೆಯನ್ನು ಬಿಡಲು ಮನಸ್ಸಾಗಲಿಲ್ಲ. ಆನೆ ಎರಡಾದವು ಎಂದು ಸಹಸಂಪಾದಕರು ಗೊಣಗಿದರು. ಇರಲಿ. ನೀತಿ ಹೇಳುವ ಒಂದೂ ಪುಸ್ತಕ ಇಲ್ಲ, ಹುಡುಕಬೇಡಿ.

ಪ್ರಕಾಶಕರಿಗೆ ಒಂದು ಸೂಚನೆ. ಈ ಸಂಚಿಕೆಯಿಂದ ನಮ್ಮ ವಿಮರ್ಶೆಯ ಪುಟದಲ್ಲಿ ಮಕ್ಕಳ ಪುಸ್ತಕಕ್ಕೆ ಬರಹಗಾರರ ಹೆಸರು ಮತ್ತು ಚಿತ್ರಕಾರರ ಹೆಸರು ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತವೆ. ಮುಖಪುಟದಲ್ಲಿ ಚಿತ್ರಕಾರರ ಹೆಸರಿಲ್ಲದ ಪುಸ್ತಕವನ್ನು ವಿಮರ್ಶೆಗೆ ತೆಗೆದುಕೊಳ್ಳುವುದಿಲ್ಲ. ಎರಡು ಪ್ರತಿ ಕಳಿಸಿದರೂ ಅಷ್ಟೆ, ಅಧ್ಯಕ್ಷರ ಮುನ್ನುಡಿ ಇದ್ದರೂ ಅಷ್ಟೆ. ಹಾಗೆ ಬಂದವನ್ನು ಕಚೇರಿಯ ಪಕ್ಕದ ಅಂಗನವಾಡಿಗೆ ಕೊಡುತ್ತೇವೆ. ಅಲ್ಲಿನ ಮಕ್ಕಳಿಗೆ ಬೇಡವಾದರೆ ವಾಪಸು ಕಳಿಸುತ್ತೇವೆ, ಅಂಚೆ ವೆಚ್ಚ ತಮ್ಮದು.